ಬಿಸಿಲು ಬಿದ್ದಿದ್ದು ಬೇರೆ, ಮೈಲುತುತ್ತ ಮೆತ್ತಿದ್ದು ಬೇರೆ

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ, ಅಡಿಕೆ ತೋಟ. ಅಮ್ಮನಿಗೆ 64 ವರ್ಷ. ಎರಡು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ. ಈಗ ಸೊಂಟ ನೋವು ಜಾಸ್ತಿ ಅಂದಿದ್ದಕ್ಕೆ ಡಾಕ್ಟರು ಬೋನ್ ಸ್ಕ್ಯಾನ್ ಬರೆದುಕೊಟ್ಟರು. ಆಸ್ಪತ್ರೆಗೆ ಹೋದರೆ ಬಾಗಿಲ ಮೇಲೆ ‘ನ್ಯೂಕ್ಲಿಯರ್ ಮೆಡಿಸಿನ್’ ಅಂತ ಬೋರ್ಡು. ‘ಮನೇಲಿ ಎರಡು ವರ್ಷದ ಮೊಮ್ಮಗ ಇದಾನೆ, ನಾನು ಮೈಗೆ ಅಣುಬಾಂಬ್ ಚುಚ್ಚಿಸಿಕೊಂಡು ಹೋಗಲ್ಲ’ ಅಂತ ಅಮ್ಮ ವಾಪಸ್ ಬಂದುಬಿಟ್ಟರು. ಇನ್ನೊಂದು ವಿಷಯ. ನಮ್ಮ ಕಾಳುಮೆಣಸು ಕೊಳ್ಳುವವರು ಈ ಸಲ ‘ರೇಡಿಯೇಷನ್ ಕೊಟ್ಟು ಹೊರದೇಶಕ್ಕೆ ಕಳಿಸ್ತೀವಿ’ ಅಂದರು. ಅಂಥದ್ದನ್ನು ತಿನ್ನಬಹುದಾ? ಇದರ ಮಧ್ಯೆ ಮಗಳಿಗೆ ಶಾಲೆಯಲ್ಲಿ ‘ಅಣುಶಕ್ತಿಯ ಉಪಯೋಗಗಳು’ ಅಂತ ಪ್ರಬಂಧ ಬೇರೆ ಕೊಟ್ಟಿದ್ದಾರೆ. ಕೈಗಾ ಬಿಟ್ಟರೆ ನಮಗೆ ಏನೂ ಹೊಳೆಯುತ್ತಿಲ್ಲ.

ಉತ್ತರ: ಬೋರ್ಡು ನೋಡಿ ಬಾಗಿಲಲ್ಲೇ ತಿರುಗಿದವರಲ್ಲಿ ನಿಮ್ಮ ಅಮ್ಮ ಮೊದಲನೆಯವರೇನಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅದೇ ವಿಭಾಗದ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಕೆಲಸ ಮಾಡಿ, ರಿಟೈರ್ ಆಗಿ, ಈಗ ಸಾಗರದ ಕಡೆ ಬಂದು ಕೂತಿದ್ದೇನೆ. ನಮ್ಮ ಬಾಗಿಲ ಮುಂದೆ ಒಂದು ಬೆಂಚು ಇತ್ತು. ಬೇರೆ ವಿಭಾಗಕ್ಕೆ ಬಂದವರು ಕಾಲು ನೋವಿದ್ದರೂ ನಿಂತೇ ಇರುತ್ತಿದ್ದರು, ಆ ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ತಮಾಷೆ ಅಂದರೆ, ಪಕ್ಕದ ಎಂಆರ್‌ಐ ಕೋಣೆಗೆ ಯಾರೂ ಹೆದರುತ್ತಿರಲಿಲ್ಲ. ಆ ತಂತ್ರದ ಮೂಲ ಹೆಸರಲ್ಲೂ ‘ನ್ಯೂಕ್ಲಿಯರ್’ ಇತ್ತು: ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್. ಆಸ್ಪತ್ರೆಯೊಳಗೆ ಕಾಲಿಡುವ ಹೊತ್ತಿಗೆ ಆ ಮೊದಲ ಪದವನ್ನು ಮೆಲ್ಲಗೆ ಕೈಬಿಟ್ಟರು. ನಮ್ಮ ವಿಭಾಗದವರಿಗೆ ಅಷ್ಟು ಉಪಾಯ ಹೊಳೆಯಲಿಲ್ಲ.

ಹಾಗಂತ ಅಮ್ಮನ ಹೆದರಿಕೆಯನ್ನು ನಗುತ್ತಾ ತಳ್ಳಿಹಾಕುವುದಕ್ಕೂ ನನಗೆ ಮನಸ್ಸಿಲ್ಲ. ಅವರು ಕೇಳಿದ್ದರಲ್ಲಿ ಹುರುಳಿದೆ. ತೊಂದರೆ ಏನೆಂದರೆ, ‘ರೇಡಿಯೇಷನ್’ ಅನ್ನುವ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಬೇರೆ ಸಂಗತಿ ತುಂಬಿಬಿಟ್ಟಿದ್ದೇವೆ.

ನೀವು ಅಂಗಳದಲ್ಲಿ ಅಡಿಕೆ ಒಣಗಲು ಹಾಕುತ್ತೀರಿ. ದಿನವಿಡೀ ಬಿಸಿಲು ಬೀಳುತ್ತದೆ. ನೀರು ಆರುತ್ತದೆ, ಬಣ್ಣ ತಿರುಗುತ್ತದೆ. ಆದರೆ ಸಂಜೆ ಬಾಚಿ ಒಳಗೆ ಸುರಿದರೆ ಆ ಅಡಿಕೆಯಿಂದ ಬಿಸಿಲು ಬರುತ್ತದಾ? ಇಲ್ಲ. ಬಿದ್ದಿದ್ದು ಬಿತ್ತು, ಅಲ್ಲಿಗೆ ಮುಗಿಯಿತು. ಈಗ ಮಳೆಗಾಲ ನೆನೆಸಿಕೊಳ್ಳಿ. ಕೊಳೆರೋಗಕ್ಕೆ ಬೋರ್ಡೋ ಹೊಡೆದು ಕೊನೆಗೌಡ ಮರದಿಂದ ಇಳಿಯುತ್ತಾನೆ. ಅಂಗಿ, ತಲೆ, ಕೈಯೆಲ್ಲ ಮೈಲುತುತ್ತದ ನೀಲಿ. ಅವನು ಹಿಡಿದ ಚೊಂಬಿಗೂ ನೀಲಿ, ಕೂತ ಜಗಲಿಗೂ ನೀಲಿ. ತೊಳೆದು ಹೋಗುವವರೆಗೆ ಅದು ಅವನ ಜೊತೆಗೇ ತಿರುಗುತ್ತದೆ.

ಎಕ್ಸ್‌ರೇ, ಸಿಟಿ ಸ್ಕ್ಯಾನ್, ಕ್ಯಾನ್ಸರ್‌ಗೆ ಹೊರಗಿನಿಂದ ಕೊಡುವ ಕೋಬಾಲ್ಟ್ ಕರೆಂಟು, ನಿಮ್ಮ ಮೆಣಸಿಗೆ ಕೊಡುವ ರೇಡಿಯೇಷನ್, ಇವೆಲ್ಲ ಬಿಸಿಲಿನ ಜಾತಿ. ಯಂತ್ರ ಆಫ್ ಆಯಿತು ಅಥವಾ ವಸ್ತುವನ್ನು ಆಚೆ ತೆಗೆದರು ಅಂದರೆ ಕಥೆ ಮುಗಿಯಿತು. ಬೋನ್ ಸ್ಕ್ಯಾನ್ ಹಾಗಲ್ಲ, ಅದು ಮೈಲುತುತ್ತದ ಜಾತಿ. ವಿಕಿರಣ ಸೂಸುವ ವಸ್ತುವನ್ನೇ ಮೈಯೊಳಗೆ ಬಿಡುತ್ತಾರೆ. ಹಾಗಾಗಿ ‘ಮೊಮ್ಮಗನ ಗತಿ ಏನು’ ಅಂತ ಅಮ್ಮ ಕೇಳಿದ್ದು ಸರಿಯೇ. ಉತ್ತರ ನಿಂತಿರುವುದು ಅದು ಯಾವ ವಸ್ತು, ಎಷ್ಟು ಹಾಕಿದರು, ಎಷ್ಟು ಹೊತ್ತಿಗೆ ಹೋಗುತ್ತದೆ ಅನ್ನುವುದರ ಮೇಲೆ.

ವಸ್ತುವಿನ ಹೆಸರು ಟೆಕ್ನೀಷಿಯಂ-99ಎಂ. ಅದರ ಅರ್ಧಾಯುಷ್ಯ 6 ಗಂಟೆ. ಅಂದರೆ ಬೆಳಗ್ಗೆ 10ಕ್ಕೆ 16 ಪಾಲು ಚುಚ್ಚಿದರೆ ಸಂಜೆ 4ಕ್ಕೆ 8 ಪಾಲು, ರಾತ್ರಿ 10ಕ್ಕೆ 4, ಬೆಳಗಿನ ಜಾವ 4ಕ್ಕೆ 2, ಮರುದಿನ 10ಕ್ಕೆ ಒಂದೇ ಪಾಲು. ಇದು ತಾನಾಗಿ ಕರಗುವ ಲೆಕ್ಕ. ಇದರ ಮೇಲೆ ದೊಡ್ಡ ಭಾಗ ಮೂತ್ರದಲ್ಲಿ ಮೊದಲ ದಿನವೇ ಹೊರಟುಹೋಗುತ್ತದೆ. ಅದಕ್ಕೇ ನರ್ಸ್ ‘ನೀರು ಕುಡೀರಿ, ಆಗಾಗ ಬಾತ್‌ರೂಮಿಗೆ ಹೋಗಿ’ ಅಂತ ತಲೆ ತಿನ್ನುವುದು.

ಈ ಟೆಕ್ನೀಷಿಯಂ ಒಂಟಿಯಾಗಿ ಹೋದರೆ ಮೂಳೆಗೆ ಹತ್ತುವುದಿಲ್ಲ. ಮೂಳೆ ಇಷ್ಟಪಡುವ ರಂಜಕದ ಸಂಯುಕ್ತವೊಂದಕ್ಕೆ ಅದನ್ನು ಕಟ್ಟಿ ಕಳಿಸುತ್ತಾರೆ. ಎಲ್ಲಿ ಮೂಳೆ ಹೊಸದಾಗಿ ಕಟ್ಟಿಕೊಳ್ಳುತ್ತಿದೆಯೋ ಅಲ್ಲಿ ಅದು ಹೆಚ್ಚು ಕೂರುತ್ತದೆ. ಕೂರುವುದಕ್ಕೆ ಎರಡು ಮೂರು ಗಂಟೆ ಬೇಕು, ಅಲ್ಲಿಯವರೆಗೆ ಕಾಯಿಸುತ್ತಾರೆ. ಖಾಲಿ ಹೊಟ್ಟೆ ಬೇಕಿಲ್ಲ. ಆಮೇಲೆ ಮಲಗಿಸಿ ಮೇಲೊಂದು, ಕೆಳಗೊಂದು ಕ್ಯಾಮೆರಾ ಇಡುತ್ತಾರೆ. ಆ ಗಾಮಾ ಕ್ಯಾಮೆರಾ ಏನನ್ನೂ ಬಿಡುವುದಿಲ್ಲ, ಮೈಯಿಂದ ಬರುವುದನ್ನು ಸುಮ್ನೆ ನೋಡುತ್ತದೆ ಅಷ್ಟೇ. ಚಿತ್ರದಲ್ಲಿ ಕಪ್ಪು ಚುಕ್ಕೆ ಕಂಡ ತಕ್ಷಣ ಮನೆಯವರು ಕುಸಿದು ಕೂತಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಹಳೇ ಪೆಟ್ಟು, ಸವೆದ ಮಂಡಿ, ವಾತ, ಇತ್ತೀಚೆಗೆ ಕಿತ್ತ ಹಲ್ಲು, ಎಲ್ಲವೂ ಕಪ್ಪಗೇ ಕಾಣುತ್ತವೆ. 64 ವರ್ಷ ತೋಟ ಸುತ್ತಿದ ಮಂಡಿ ಕಪ್ಪಾಗದಿದ್ದರೆ ನನಗೇ ಆಶ್ಚರ್ಯ. ಯಾವುದು ಕ್ಯಾನ್ಸರ್, ಯಾವುದು ವಯಸ್ಸು ಅಂತ ಬಿಡಿಸಿ ಹೇಳುವುದು ಡಾಕ್ಟರ ಕೆಲಸ. ಫಿಲ್ಮ್ ಹಿಡಿದು ಬಸ್ಸಲ್ಲಿ ನೀವೇ ಓದಬೇಡಿ.

ಮೊಮ್ಮಗನ ವಿಷಯ. ಸ್ಕ್ಯಾನ್ ಆದ ದಿನ ಅಮ್ಮ ಅವನನ್ನು ಗಂಟೆಗಟ್ಟಲೆ ತೊಡೆ ಮೇಲೆ ಕೂರಿಸಿಕೊಳ್ಳುವುದು ಬೇಡ, ಆ ರಾತ್ರಿ ಪಕ್ಕದಲ್ಲಿ ಮಲಗಿಸಿಕೊಳ್ಳುವುದೂ ಬೇಡ. ಒಂದೇ ಮನೆಯಲ್ಲಿ ಓಡಾಡಬಹುದು, ಒಂದೇ ಕೋಣೆಯಲ್ಲಿ ಕೂತು ಮಾತಾಡಬಹುದು. ಬಾತ್‌ರೂಮಿಗೆ ಹೋದರೆ ಎರಡು ಸಲ ನೀರು ಹಾಕಿ, ಸೋಪಿನಲ್ಲಿ ಕೈ ತೊಳೆಯಲಿ. ಮರುದಿನ ಸಂಜೆ ಮೊಮ್ಮಗನನ್ನು ಎತ್ತಿಕೊಂಡು ತೋಟ ಸುತ್ತಲಿ. ಇಷ್ಟನ್ನೂ ಆಸ್ಪತ್ರೆಯವರೇ ಬರೆದುಕೊಡುತ್ತಾರೆ. ಅವರು ಬೇರೆ ಏನಾದರೂ ಹೇಳಿದರೆ ಅವರ ಮಾತೇ ಕೊನೆ. ಜೊತೆಗೆ ಹೋಗುವವರು ಬಸುರಿಯಾಗಿದ್ದರೆ ಮೊದಲೇ ತಿಳಿಸಲಿ, ಬೇರೆ ಯಾರಾದರೂ ಹೋಗುವುದು ಒಳ್ಳೆಯದು.

ಲೆಕ್ಕ ಬೇಕು ಅನ್ನುವವರಿಗೆ: ಒಂದು ಬೋನ್ ಸ್ಕ್ಯಾನಿನಿಂದ ಮೈಗೆ ಸಿಗುವುದು ಸುಮಾರು 4 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣ ಅಳೆಯುವ ಮಾನ). ಏನೂ ಮಾಡದೆ ಭೂಮಿ ಮೇಲೆ ಸುಮ್ನೆ ಬದುಕಿದರೂ ಕಲ್ಲು, ಮಣ್ಣು, ಆಕಾಶ, ಊಟದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ. ಊಟದಿಂದಲೂ ಹೌದು. ಬಾಳೆಹಣ್ಣಲ್ಲಿ ಪೊಟ್ಯಾಸಿಯಂ ಜಾಸ್ತಿ ಅಲ್ವಾ, ಆ ಪೊಟ್ಯಾಸಿಯಂನ ಒಂದು ಚೂರು ಹುಟ್ಟಿನಿಂದಲೇ ವಿಕಿರಣಶೀಲ. ನಮ್ಮ ನಿಮ್ಮ ಮೈಯಲ್ಲೇ ಸೆಕೆಂಡಿಗೆ ಸುಮಾರು 4000 ಪೊಟ್ಯಾಸಿಯಂ ಪರಮಾಣು ಸಿಡಿಯುತ್ತಿರುತ್ತವೆ. ಅಮ್ಮ ಇಷ್ಟು ವರ್ಷ ಅದನ್ನು ಇಟ್ಟುಕೊಂಡೇ ಮಕ್ಕಳನ್ನೂ ಮೊಮ್ಮಗನನ್ನೂ ಎತ್ತಿ ಆಡಿಸಿದ್ದಾರೆ. ಇದಕ್ಕೆ ಹೆದರಿ ಪುಟ್ಟಬಾಳೆ ಬಿಡಬೇಡಿ. ಜಾಸ್ತಿ ತಿಂದರೆ ಮೈ ಜಾಸ್ತಿ ಪೊಟ್ಯಾಸಿಯಂ ಇಟ್ಟುಕೊಳ್ಳುವುದಿಲ್ಲ, ಹೊರಗೆ ಹಾಕುತ್ತದೆ.

ಇನ್ನು ಆರು ಗಂಟೆಗೆ ಅರ್ಧ ಆಗುವ ಔಷಧಿಯನ್ನು ಅಂಗಡಿಯಲ್ಲಿ ಹೇಗೆ ಇಡುವುದು? ಇಡೋಕೆ ಆಗಲ್ಲ. ಅದಕ್ಕೆ ಹೆಚ್ಚಿನ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಗಳಲ್ಲಿ ಒಂದು ಹಸು ಇರುತ್ತದೆ. ಸುಳ್ಳಲ್ಲ, ನಾವು ಅದನ್ನು ಹಸು ಅಂತಲೇ ಕರೆಯುತ್ತಿದ್ದೆವು, ಕೆಲಸಕ್ಕೆ ‘ಹಾಲು ಕರೆಯೋದು’ ಅಂತ ಹೆಸರು. ನಿಜವಾದ ಹೆಸರು ಜನರೇಟರ್. ನೋಡಲು ಹಾಲಿನ ಕ್ಯಾನಿನ ಹಾಗೆ, ಆದರೆ ಒಳಗೆ ಸುತ್ತಲೂ ಸೀಸ, ಎತ್ತಿದರೆ ಸೊಂಟ ಹಿಡಿಯುತ್ತದೆ. ನಡುವೆ ಅಲ್ಯೂಮಿನಾ ಪುಡಿ ತುಂಬಿದ ಸಣ್ಣ ಕೊಳವೆ. ಆ ಪುಡಿಗೆ ಮಾಲಿಬ್ಡಿನಂ-99 ಅಂಟಿಕೊಂಡಿರುತ್ತದೆ. ಮಾಲಿಬ್ಡಿನಂ ತನ್ನ ಪಾಡಿಗೆ ಒಡೆಯುತ್ತಾ ಟೆಕ್ನೀಷಿಯಂ ಆಗುತ್ತಾ ಇರುತ್ತದೆ. ಮೇಲೆ ಎರಡು ಸೂಜಿ. ಬೆಳಗ್ಗೆ ಹೋದವನೇ ಒಂದಕ್ಕೆ ಉಪ್ಪುನೀರಿನ ಸೀಸೆ ಚುಚ್ಚುವುದು. ಇನ್ನೊಂದಕ್ಕೆ ಗಾಳಿ ತೆಗೆದ ಖಾಲಿ ಸೀಸೆ, ಅದೂ ಸೀಸದ ಲೋಟದೊಳಗೆ. ಖಾಲಿ ಸೀಸೆ ಉಪ್ಪುನೀರನ್ನು ಕೊಳವೆಯ ಮೂಲಕ ಗುಳುಗುಳು ಅಂತ ಎಳೆದುಕೊಳ್ಳುತ್ತದೆ. ಮಾಲಿಬ್ಡಿನಂ ಪುಡಿಯಲ್ಲೇ ಉಳಿಯುತ್ತದೆ, ಟೆಕ್ನೀಷಿಯಂ ನೀರಿನ ಜೊತೆ ಬರುತ್ತದೆ. ಹಾಲಲ್ಲಿ ಮಾಲಿಬ್ಡಿನಂ ಸೋರಿದೆಯಾ ಅಂತ ಅಳೆದು ನೋಡಿದ ಮೇಲೇ ಮುಂದಿನ ಕೆಲಸ. ಇವತ್ತು ಕರೆದರೆ ನಾಳೆ ಅದೇ ಹೊತ್ತಿಗೆ ಕೆಚ್ಚಲು ಮತ್ತೆ ತುಂಬಿರುತ್ತದೆ. ಮಾಲಿಬ್ಡಿನಂನ ಅರ್ಧಾಯುಷ್ಯ 66 ಗಂಟೆ, ಹಾಗಾಗಿ ಸೋಮವಾರ ಚೊಂಬು ತುಂಬಾ ಕೊಟ್ಟ ಹಸು ಶುಕ್ರವಾರಕ್ಕೆ ಬತ್ತುತ್ತಾ ಬರುತ್ತದೆ. ಆಮೇಲೆ ಹೊಸ ಹಸು ಬರಬೇಕು. 1950ರ ದಶಕದ ಕೊನೆಗೆ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಕಟ್ಟಿದ ಉಪಾಯ ಇದು. ಇವತ್ತಿಗೂ ಇದಕ್ಕಿಂತ ಅಚ್ಚುಕಟ್ಟಾದ ಇನ್ನೊಂದನ್ನು ನಾನು ಕಂಡಿಲ್ಲ.

ಒಂದು ಎಚ್ಚರಿಕೆ. ಮೇಲೆ ಹೇಳಿದ್ದೆಲ್ಲ ಬೋನ್ ಸ್ಕ್ಯಾನಿಗೆ. ಪಕ್ಕದ ಮನೆಯವರು ‘ನಮ್ಮ ಅತ್ತಿಗೆಗೆ ಥೈರಾಯ್ಡ್‌ಗೆ ಕೊಟ್ಟಾಗ ಒಂಟಿ ಕೋಣೇಲಿ ಇಟ್ಟಿದ್ರು’ ಅಂದರೆ ಅದೂ ನಿಜ. ಅದು ಅಯೋಡಿನ್-131, ಅರ್ಧಾಯುಷ್ಯ 8 ದಿನ. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಅಂದರೆ ಆಸೆ, ಎಲ್ಲಿದ್ದರೂ ಹೀರಿಕೊಳ್ಳುತ್ತದೆ. ಆ ಆಸೆಯನ್ನೇ ಬಳಸಿ ಗ್ರಂಥಿಯನ್ನು ಒಳಗಿನಿಂದ ಸುಡುತ್ತಾರೆ. 1941ರಲ್ಲಿ ಬಾಸ್ಟನ್‌ನಲ್ಲಿ ಸಾಲ್ ಹರ್ಟ್ಜ್ ಅನ್ನುವ ವೈದ್ಯರು ಶುರು ಮಾಡಿದ ಚಿಕಿತ್ಸೆ. ಥೈರಾಯ್ಡ್ ಕ್ಯಾನ್ಸರ್‌ಗೆ ದೊಡ್ಡ ಪ್ರಮಾಣ ಕೊಟ್ಟಾಗ ಬೇರೆ ಕೋಣೆ, ಮಕ್ಕಳಿಂದ ಕೆಲವು ದಿನ ದೂರ, ಎಲ್ಲ ಬೇಕೇ ಬೇಕು. ಅತ್ತಿಗೆಯ ನಿಯಮ ಅಮ್ಮನಿಗೆ ಅಲ್ಲ, ಅಮ್ಮನ ನಿಯಮ ಅತ್ತಿಗೆಗೆ ಅಲ್ಲ.

ಕ್ಯಾನ್ಸರ್ ಹುಡುಕಲು ಮಾಡುವ ಇನ್ನೊಂದು ಸ್ಕ್ಯಾನ್, ಪೆಟ್ ಸ್ಕ್ಯಾನ್, ಇದಕ್ಕೆ ಪೂರ್ತಿ ಉಲ್ಟಾ. ಅದರ ಫ್ಲೋರಿನ್-18ರ ಅರ್ಧಾಯುಷ್ಯ ಬರೀ 110 ನಿಮಿಷ. ಬೆಂಗಳೂರಲ್ಲಿ ತಯಾರಾದ ಔಷಧಿ ತುಮಕೂರು, ಅರಸೀಕೆರೆ, ಕಡೂರು, ಭದ್ರಾವತಿ ದಾಟಿ ಶಿವಮೊಗ್ಗ ಮುಟ್ಟಲು ಕಾರಲ್ಲಿ ಐದೂವರೆ ಗಂಟೆ ಹಿಡಿಯಿತು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಮೂರು ಸಲ ಅರ್ಧ ಆಗಿ, ಹೊರಟದ್ದರ ಎಂಟರಲ್ಲಿ ಒಂದು ಪಾಲು ಉಳಿದಿರುತ್ತದೆ. ದಾರಿಯಲ್ಲಿ ಡ್ರೈವರ್ ಊಟಕ್ಕೆ ನಿಲ್ಲಿಸಿದರೆ ಅದೂ ಇಲ್ಲ. ಮಲೆನಾಡಿನ ರೋಗಿಗಳು ಔಷಧಿ ಇರುವಲ್ಲಿಗೆ ತಾವೇ ಹೋಗಬೇಕಾಗಿ ಬರುವುದಕ್ಕೆ ಇದೂ ಒಂದು ಕಾರಣ. ದುಡ್ಡೊಂದೇ ಅಲ್ಲ.

ಈಗ ಮೆಣಸು. ಕೊಯ್ದು, ತೆನೆ ಬಿಡಿಸಿ, ಅಂಗಳದಲ್ಲಿ ಹರಡಿ ಒಣಗಿಸುವ ಮಾಲು ಇದು. ದನ ಓಡಾಡುವ ಅಂಗಳ, ಗುಬ್ಬಿ ಕಾಗೆ ಕೂರುವ ಟಾರ್ಪಾಲು. ಎಷ್ಟೇ ಚೊಕ್ಕ ಇದ್ದರೂ ಬೂಸು, ಬ್ಯಾಕ್ಟೀರಿಯಾ, ಹುಳದ ಮೊಟ್ಟೆ ಇದ್ದೇ ಇರುತ್ತವೆ. ಸಾರಿಗೆ ಹಾಕಿ ಕುದಿಸುವ ನಮಗೆ ಅದು ದೊಡ್ಡ ವಿಷಯ ಅಲ್ಲ. ಪುಡಿ ಮಾಡಿ ಹಸಿಯಾಗಿ ಸಲಾಡ್ ಮೇಲೆ ಉದುರಿಸಿಕೊಳ್ಳುವವನಿಗೆ ದೊಡ್ಡ ವಿಷಯ. ಹಬೆ ಹಾಯಿಸಿದರೆ ಮೆಣಸಿನ ಘಮ ಸ್ವಲ್ಪ ಹೋಗುತ್ತದೆ. ಎಥಿಲೀನ್ ಆಕ್ಸೈಡ್ ಅನ್ನುವ ಗ್ಯಾಸ್ ಕೊಟ್ಟರೆ ಯುರೋಪಿನವರು ಮಾಲು ತಗೊಳ್ಳುವುದಿಲ್ಲ. ಉಳಿದ ದಾರಿ ಕೋಬಾಲ್ಟ್-60.

ಆ ಘಟಕದಲ್ಲಿ ಆಗುವುದು ಇಷ್ಟು. ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ, ನೆಲದಲ್ಲಿ ಬಾವಿಯ ಹಾಗೆ ಆಳವಾದ ನೀರಿನ ತೊಟ್ಟಿ. ಕೋಬಾಲ್ಟ್ ತುಂಬಿದ ಸ್ಟೀಲ್ ಕಡ್ಡಿಗಳು ಆ ನೀರಿನ ತಳದಲ್ಲಿ ನೀಲಿಯಾಗಿ ಹೊಳೆಯುತ್ತಾ ಕೂತಿರುತ್ತವೆ. ಆ ಬಣ್ಣ ಒಂದು ಸಲ ನೋಡಿದರೆ ಮರೆಯುವುದಿಲ್ಲ. ಜನರೆಲ್ಲ ಹೊರಗೆ ಬಂದು ಬಾಗಿಲು ಬಿಗಿದ ಮೇಲೆ ಕಡ್ಡಿಗಳು ಮೇಲೆ ಬರುತ್ತವೆ. ಮೆಣಸಿನ ಪೆಟ್ಟಿಗೆಗಳು ಅವುಗಳ ಸುತ್ತ ಪ್ರದಕ್ಷಿಣೆ ಹಾಕಿ ಹೊರಗೆ ಬರುತ್ತವೆ. ಕಡ್ಡಿಗೂ ಮೆಣಸಿಗೂ ಮುಟ್ಟಾಟವೇ ಇಲ್ಲ. ಕೋಬಾಲ್ಟಿನ ಗಾಮಾ ಕಿರಣಕ್ಕೆ ಸೂಕ್ಷ್ಮಜೀವಿಯ ಡಿಎನ್‌ಎ ಮುರಿಯುವ ಶಕ್ತಿ ಇದೆ, ಮೆಣಸಿನ ಪರಮಾಣುವಿನ ನಡುವಿನ ಬೀಜವನ್ನು ಅಲ್ಲಾಡಿಸುವ ಶಕ್ತಿ ಇಲ್ಲ. ಹಾಗಾಗಿ ಮೆಣಸು ವಿಕಿರಣಶೀಲ ಆಗುವುದಿಲ್ಲ. ಮಸಾಲೆಗೆ ಕೊಡುವುದು ಸುಮಾರು 10 ಕಿಲೋಗ್ರೇ (ವಸ್ತು ಹೀರಿಕೊಂಡ ವಿಕಿರಣ ಶಕ್ತಿಯ ಅಳತೆ ಇದು). ಅಷ್ಟೇ ಶಕ್ತಿಯನ್ನು ನೀರಿಗೆ ಕೊಟ್ಟರೆ ಅದರ ಬಿಸಿ ಎರಡೂವರೆ ಡಿಗ್ರಿಯೂ ಏರುವುದಿಲ್ಲ, ಅದಕ್ಕೇ ಘಮ ಉಳಿಯುತ್ತದೆ. 10 ಕಿಲೋಗ್ರೇವರೆಗೆ ಯಾವ ಆಹಾರಕ್ಕೆ ಕೊಟ್ಟರೂ ತೊಂದರೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಸೇರಿದ ಜಂಟಿ ತಜ್ಞ ಸಮಿತಿ 1980ರಲ್ಲೇ ಹೇಳಿತು. ನಮ್ಮ ದೇಶದಲ್ಲಿ ಈರುಳ್ಳಿ, ಆಲೂಗಡ್ಡೆ, ಮಸಾಲೆಗೆ 1994ರಲ್ಲಿ ಅನುಮತಿ ಸಿಕ್ಕಿತು. ನವಿ ಮುಂಬೈನ ವಾಶಿಯಲ್ಲಿ 2000ದಿಂದ ಮಸಾಲೆಗೇ ಒಂದು ಸರ್ಕಾರಿ ಘಟಕ ಇದೆ. ನಾಸಿಕ್ ಹತ್ತಿರದ ಲಾಸಲ್‌ಗಾಂವ್‌ನದು ಈರುಳ್ಳಿ ಮೊಳಕೆ ತಡೆಯಲು ಶುರುವಾಗಿದ್ದು, 2007ರಲ್ಲಿ ಅಮೆರಿಕಕ್ಕೆ ಮಾವು ಹೋಗಿದ್ದು ಅಲ್ಲಿಂದಲೇ. ನೀವು ಆಸ್ಪತ್ರೆಯಲ್ಲಿ ಬಿಚ್ಚುವ ಸಿರಿಂಜು, ಗ್ಲೌಸು ಎಷ್ಟೋ ಇದೇ ದಾರಿಯಲ್ಲಿ ಶುದ್ಧವಾಗಿ ಬಂದವು. ಮುಂಬೈನ ಟ್ರಾಂಬೆಯಲ್ಲಿ 1974ರಿಂದ ಆ ಕೆಲಸ ನಡೆದಿದೆ.

ಆದರೆ ವ್ಯಾಪಾರಿ ‘ರೇಡಿಯೇಷನ್ ಕೊಡ್ತೀವಿ, ಹೇಗಿದ್ರೂ ನಡೆಯುತ್ತೆ’ ಅಂದರೆ ಒಪ್ಪಬೇಡಿ. ಸರಿಯಾಗಿ ಒಣಗದ ಮಾಲಿಗೆ ಬೂಸು ಹಿಡಿದು ಅದು ಒಂದು ಸಲ ವಿಷ ಬಿಟ್ಟರೆ, ವಿಕಿರಣ ಬೂಸನ್ನು ಕೊಲ್ಲುತ್ತದೆ, ಬಿಟ್ಟ ವಿಷವನ್ನು ತೆಗೆಯುವುದಿಲ್ಲ. ಒಣಗಿಸುವ ಕಷ್ಟ ನಿಮಗೆ ತಪ್ಪಿದ್ದಲ್ಲ. ಇನ್ನು ಪ್ಯಾಕೆಟ್ ಮೇಲೆ ಹಸಿರು ಗುರುತು ಇರಬೇಕು: ತುಂಡು ತುಂಡಾದ ವೃತ್ತ, ಒಳಗೆ ಎರಡು ಎಲೆ, ಮೇಲೊಂದು ಚುಕ್ಕೆ. ಕೊಳ್ಳುವವರಿಗೆ ತಿಳಿಯುವ ಹಕ್ಕಿದೆ.

ಹೊರಗಿನಿಂದ ಕಿರಣ ಬಿಡುವ ಯಂತ್ರ ಒಡೆದು ಒಳಗಿನ ವಸ್ತು ಈಚೆ ಬಿದ್ದರೆ ಅದೂ ಮೈಲುತುತ್ತದ ಜಾತಿಯೇ ಆಗಿಬಿಡುತ್ತದೆ. ಹಾಗೆ ಕೈತಪ್ಪಿದರೆ ಏನಾಗುತ್ತದೆ ಅನ್ನುವುದನ್ನೂ ಮಗಳ ಪ್ರಬಂಧದಲ್ಲಿ ಬರೆಸಿ, ಬರೀ ಹೊಗಳಿಕೆ ಬೇಡ. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾ ಊರಿನಲ್ಲಿ ಖಾಲಿ ಬಿಟ್ಟುಹೋದ ಕ್ಲಿನಿಕ್ಕಿನಿಂದ ಒಂದು ಕ್ಯಾನ್ಸರ್ ಚಿಕಿತ್ಸಾ ಯಂತ್ರದ ಭಾಗವನ್ನು ಇಬ್ಬರು ಗುಜರಿಗೆ ಅಂತ ಕಿತ್ತುಕೊಂಡು ಹೋದರು. ಒಳಗಿದ್ದ ಸೀಸಿಯಂ-137 ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಚಂದ ಕಂಡಿತು ಅಂತ ಮನೆ ಮನೆಗೆ ಹಂಚಿದರು, ಮೈಗೆ ಹಚ್ಚಿಕೊಂಡರು. ಒಂದು ಪುಟ್ಟ ಹುಡುಗಿ ಆ ಪುಡಿ ಮೆತ್ತಿದ ಕೈಯಲ್ಲೇ ತಿಂಡಿ ತಿಂದಳು. ನಾಲ್ಕು ಜನ ಸತ್ತರು, ಅವಳೂ ಒಬ್ಬಳು. ನಮ್ಮಲ್ಲೇ 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರ್ಕೆಟ್ಟಿಗೆ ಕೋಬಾಲ್ಟ್ ಇದ್ದ ಹಳೇ ಯಂತ್ರ ಬಂದು ಒಬ್ಬರು ಪ್ರಾಣ ಬಿಟ್ಟರು. ಹಳದಿ ಮೇಲೆ ಮೂರು ರೆಕ್ಕೆಯ ಫ್ಯಾನಿನ ಥರ ಗುರುತು ಇರುವ ಭಾರವಾದ ಡಬ್ಬಿ ಎಲ್ಲೇ ಬಿದ್ದಿರಲಿ, ಮುಟ್ಟದೆ ಪೊಲೀಸರಿಗೆ ಹೇಳಬೇಕು. ಇದನ್ನು ಮಗಳಿಗೆ ಕಲಿಸಿದರೆ ಪ್ರಬಂಧದ ಮಾರ್ಕ್ಸಿಗಿಂತ ಜಾಸ್ತಿ ಉಪಯೋಗ.

ಪ್ರಬಂಧಕ್ಕೆ ಇನ್ನಷ್ಟು ಸರಕು. ಅವಳಿಗೆ ನಗು ಬರುವ ಕಥೆಯಿಂದ ಶುರು ಮಾಡಲಿ. 1911ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹಂಗೇರಿಯ ಒಬ್ಬ ಹುಡುಗ ಊಟ ಹಾಕುವ ಮನೆಯಲ್ಲಿ ಬಾಡಿಗೆಗೆ ಇದ್ದ. ಹೆಸರು ಹೆವೆಸಿ. ಮನೆಯೊಡತಿ ಹಿಂದಿನ ಊಟದ ಮಿಕ್ಕಿದ್ದನ್ನೇ ಹೊಸದಾಗಿ ಬಡಿಸುತ್ತಾಳೆ ಅಂತ ಅವನಿಗೆ ಅನುಮಾನ. ಕೇಳಿದರೆ ಆಕೆ ಒಪ್ಪಲಿಲ್ಲ. ತಟ್ಟೆಯಲ್ಲಿ ಮಿಕ್ಕಿದ್ದಕ್ಕೆ ಚೂರೇ ಚೂರು ವಿಕಿರಣಶೀಲ ವಸ್ತು ಬೆರೆಸಿಟ್ಟ. ಆಮೇಲೆ ಬಂದ ಊಟದ ಮುಂದೆ ಉಪಕರಣ ಹಿಡಿದ, ಮುಳ್ಳು ಅಲ್ಲಾಡಿತು! ಹೆವೆಸಿಯೇ ಹೇಳಿಕೊಂಡ ಕಥೆ ಅಂತ ನಮ್ಮ ಕಸುಬಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಹೀಗೆ ಗುರುತು ಹಚ್ಚಿ ಹಿಂಬಾಲಿಸುವ ವಿಧಾನಕ್ಕೆ ಅವನಿಗೆ 1943ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ನಿಮ್ಮ ಅಮ್ಮನ ಬೋನ್ ಸ್ಕ್ಯಾನ್ ಅದರ ಮೊಮ್ಮಗು. ಗೊಬ್ಬರದ ರಂಜಕ ಬೇರಿನಿಂದ ಎಲೆಗೆ ಹೇಗೆ ಏರುತ್ತದೆ ಅಂತ ನೋಡುವುದೂ ಹೀಗೇ. ಅದಕ್ಕೆ ರಂಜಕ-32 ಬಳಸುತ್ತಾರೆ, ಅರ್ಧಾಯುಷ್ಯ 14 ದಿನ.

ಹತ್ತಿರದ ಉದಾಹರಣೆ ಬೇಕಾ? ಕೂಡಲಿಯಲ್ಲಿ ತುಂಗೆ ಭದ್ರೆ ಸೇರಿ ಕೆಳಗೆ ಹರಿದರೆ ಹಾವೇರಿ ಜಿಲ್ಲೆಯ ಹಳ್ಳೂರು ಸಿಗುತ್ತದೆ. 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅಲ್ಲಿ ಅಗೆದಾಗ ಕಬ್ಬಿಣದ ವಸ್ತುಗಳು ಸಿಕ್ಕವು. ಆ ಪದರದ ಇದ್ದಿಲನ್ನು ಕಾರ್ಬನ್-14 ಪರೀಕ್ಷೆ ಮಾಡಿದರೆ ಸುಮಾರು ಕ್ರಿ.ಪೂ. 1000 ಅಂತ ಬಂತು. ನಮ್ಮ ನದಿ ದಂಡೆಯಲ್ಲಿ ಮೂರು ಸಾವಿರ ವರ್ಷದ ಹಿಂದೆ ಕಬ್ಬಿಣ! ಬದುಕಿರುವ ಮರ ಗಾಳಿಯಿಂದ ಕಾರ್ಬನ್-14 ತಗೊಳ್ಳುತ್ತಾ ಇರುತ್ತದೆ. ಕಡಿದ ದಿನದಿಂದ ಅದು 5730 ವರ್ಷಕ್ಕೆ ಅರ್ಧದ ಲೆಕ್ಕದಲ್ಲಿ ಇಳಿಯುತ್ತದೆ. ಮೂರು ಸಾವಿರ ವರ್ಷಕ್ಕೆ ನೂರರಲ್ಲಿ 70 ಉಳಿದಿರುತ್ತದೆ. ಇದನ್ನು ಕಂಡುಹಿಡಿದ ವಿಲ್ಲರ್ಡ್ ಲಿಬ್ಬಿಗೂ 1960ರಲ್ಲಿ ನೊಬೆಲ್ ಬಂತು. ‘ನಮ್ಮೂರ ದೇವಸ್ಥಾನದ ಕಲ್ಲಿಗೆ ಕಾರ್ಬನ್ ಟೆಸ್ಟ್ ಮಾಡಿಸಿಕೊಡಿ’ ಅಂತ ನನ್ನನ್ನು ಕೇಳುವವರಿದ್ದಾರೆ. ಕಲ್ಲು ಯಾವತ್ತೂ ಉಸಿರಾಡಿದ್ದಲ್ಲ ಸ್ವಾಮಿ, ಇದ್ದಿಲೋ ಮರವೋ ಮೂಳೆಯೋ ಬೇಕು.

ಅಜ್ಜನ ಕಾಲದ ಗ್ಯಾಸ್‌ಲೈಟ್ ಅಟ್ಟದಲ್ಲಿದ್ದರೆ ಇಳಿಸಿ ತೋರಿಸಿ. ಬಯಲಾಟಕ್ಕೆ ರಾತ್ರಿಯಿಡೀ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸಿನ ಹಳೇ ಮ್ಯಾಂಟಲ್ಲಿನಲ್ಲಿ ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡ್, ಅದು ವಿಕಿರಣಶೀಲ. ಆದರೆ ಅದನ್ನು ಹಾಕಿದ್ದು ವಿಕಿರಣಕ್ಕಲ್ಲ, ಬಿಸಿಗೆ ಕರಗದೆ ಬೆಳ್ಳಗೆ ಹೊಳೆಯುತ್ತದೆ ಅಂತ. ಆ ಥೋರಿಯಂ ಬರುತ್ತಿದ್ದದ್ದು ಮೊನಜೈಟ್ ಮರಳಿನಿಂದ. ಕೇರಳದಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಶೋಂಬರ್ಗ್ ಅನ್ನುವ ಜರ್ಮನ್ 1909ರಲ್ಲಿ ಅದನ್ನು ಪತ್ತೆ ಮಾಡಿದ. ಹಳೇ ಮ್ಯಾಂಟಲ್ ಉದುರಿದರೆ ಅದರ ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಇನ್ನು ಬೈಕಿನ ನಂಬರ್ ಪ್ಲೇಟಿಗೆ ಅಂಟಿಸುವ ‘ರೇಡಿಯಂ ಕಟಿಂಗ್’ ಅಂಗಡಿ ನಮ್ಮ ಎಲ್ಲ ಊರಲ್ಲೂ ಇದೆಯಲ್ಲ, ಅಲ್ಲಿ ಚೂರೂ ರೇಡಿಯಂ ಇಲ್ಲ, ಬರೀ ಬೆಳಕು ತಿರುಗಿಸುವ ಸ್ಟಿಕ್ಕರು. ನಿಜವಾದ ರೇಡಿಯಂ ಹಿಂದೆ ಗಡಿಯಾರದ ಮುಳ್ಳಿಗೆ ಬಳಿಯುತ್ತಿದ್ದರು. 1920ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಬ್ರಷ್ಷನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಬಳಿದ ಹೆಣ್ಣುಮಕ್ಕಳ ದವಡೆ ಕೊಳೆಯಿತು, ಎಷ್ಟೋ ಜನ ಸತ್ತರು.

ಕಾರ್ಖಾನೆ ಕೆಲಸ ಚುಟುಕಾಗಿ ಹೇಳುತ್ತೇನೆ. ಕಾಗದದ ಗಿರಣಿಗಳಲ್ಲಿ ಓಡುವ ಹಾಳೆಯ ಒಂದು ಕಡೆ ಕ್ರಿಪ್ಟಾನ್-85 ಇಟ್ಟು, ಆಚೆ ಎಷ್ಟು ಬೀಟಾ ಕಿರಣ ದಾಟಿತು ಅಂತ ನೋಡಿ ದಪ್ಪ ಅಳೆಯುತ್ತಾರೆ. ಉಕ್ಕಿನ ದೊಡ್ಡ ಕೊಳವೆಗಳ ಬೆಸುಗೆಯಲ್ಲಿ ಬಿರುಕಿದೆಯಾ ಅಂತ ಇರಿಡಿಯಂ-192ರಲ್ಲಿ ಫೋಟೋ ತೆಗೆಯುತ್ತಾರೆ. ಬೀಜಕ್ಕೆ ವಿಕಿರಣ ಕೊಟ್ಟು ಹೊಸ ತಳಿ ಹುಡುಕುವುದೂ ಇದೆ. ಬಿಎಆರ್‌ಸಿಯ (ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ) ಟಿಎಜಿ-24 ಶೇಂಗಾ ಬಯಲುಸೀಮೆಯ ರೈತರಿಗೆ ಹೊಸದಲ್ಲ. ‘ಹಾಗಾದರೆ ಎಲೆಚುಕ್ಕೆ ರೋಗ ತಡೆಯುವ ಅಡಿಕೆ ಯಾಕಿಲ್ಲ’ ಅಂತ ನೀವು ಕೇಳುತ್ತೀರಿ. ಶೇಂಗಾ ನಾಲ್ಕು ತಿಂಗಳಿಗೆ ಫಸಲು ಕೊಡುತ್ತದೆ, ಅಡಿಕೆ ಐದಾರು ವರ್ಷ ತಗೊಳ್ಳುತ್ತದೆ. ಹತ್ತು ತಲೆಮಾರು ಬೆಳೆಸಿ ಆರಿಸಲು ಒಬ್ಬರ ಆಯುಷ್ಯ ಸಾಲದು. ಚಂದ್ರನ ಮೇಲೂ ಈ ತಂತ್ರ ಹೋಗಿದೆ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರಿನ ಒಂದು ಉಪಕರಣದಲ್ಲಿ ಕ್ಯೂರಿಯಂ-244 ಇತ್ತು. ಅದರ ಕಿರಣ ಬಿದ್ದಾಗ ಮಣ್ಣು ತಿರುಗಿ ಏನು ಹೊಮ್ಮಿಸುತ್ತದೆ ಅಂತ ನೋಡಿ, ಅಲ್ಲಿ ಯಾವ ಮೂಲವಸ್ತು ಇದೆ ಅಂತ ಪತ್ತೆ ಮಾಡಿತು.

ಕೈಗಾ ನಿಮಗೆ ಗೊತ್ತೇ ಇದೆ: ಕಾಳಿ ನದಿ ದಂಡೆ, 220 ಮೆಗಾವಾಟ್‌ನ ನಾಲ್ಕು ಘಟಕ. ಮೊದಲನೇ ಘಟಕ 2018ರ ಕೊನೆಗೆ ನಿಲ್ಲಿಸುವ ಹೊತ್ತಿಗೆ 962 ದಿನ ಸತತ ಓಡಿತ್ತು, ಆಗ ಅದು ವಿಶ್ವದಾಖಲೆ. ಆ ಸ್ಥಾವರ ಬೇಡ ಅಂತ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತಿದ್ದರು. ಮಗಳು ಎರಡನ್ನೂ ಬರೆಯಲಿ. ಕಾಡಿನ ನಡುವೆ ಸ್ಥಾವರ ಬೇಕಾ ಅನ್ನುವುದು ಒಂದು ಪ್ರಶ್ನೆ, ಅಮ್ಮನಿಗೆ ಸ್ಕ್ಯಾನ್ ಬೇಕಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಬೇಡ ಅನ್ನುವವರೂ ಎರಡನೆಯದಕ್ಕೆ ಧಾರಾಳವಾಗಿ ಹ್ಞೂಂ ಅನ್ನಬಹುದು.

ಅಮ್ಮನನ್ನು ಮತ್ತೆ ಕರೆದುಕೊಂಡು ಹೋಗುವಾಗ ಆಪರೇಷನ್ ಕಾಗದ, ಹಳೇ ಎಕ್ಸ್‌ರೇ ಎಲ್ಲ ಇರಲಿ. ಬಿದ್ದು ಪೆಟ್ಟಾಗಿದ್ದರೆ ಯಾವ ವರ್ಷ, ಯಾವ ಜಾಗ ಅಂತ ಬರೆದುಕೊಂಡು ಹೋಗಿ. ನೀರಿನ ಬಾಟಲಿ ದೊಡ್ಡದೇ ಇರಲಿ. ಮುಖ್ಯವಾಗಿ, ಹಿಂದಿನ ದಿನ ಫೋನ್ ಮಾಡಿ ‘ಟೆಕ್ನೀಷಿಯಂ ಇದೆಯಾ’ ಅಂತ ಕೇಳಿ. 2009ರಲ್ಲಿ ಕೆನಡಾದ ಒಂದು ಹಳೇ ರಿಯಾಕ್ಟರ್ ಸೋರಿ ಒಂದು ವರ್ಷಕ್ಕೂ ಮೇಲೆ ನಿಂತಾಗ ಲೋಕದ ಎಷ್ಟೋ ಆಸ್ಪತ್ರೆಗಳಲ್ಲಿ ಮಾಲಿಬ್ಡಿನಂ ಸಿಗದೆ ಪರದಾಟ ಆಗಿತ್ತು. ಅಷ್ಟು ದೊಡ್ಡದೇ ಆಗಬೇಕಿಲ್ಲ, ವಿಮಾನ ತಡವಾದರೂ ಸಾಕು. ನಾನಿದ್ದ ಆಸ್ಪತ್ರೆಯಲ್ಲಿ ಒಂದು ಸೋಮವಾರ ಹಸು ಬರಲೇ ಇಲ್ಲ. ರೋಗಿಗಳಿಗೆ ತಿಳಿಸುವುದು ಯಾರ ಕೆಲಸ ಅಂತ ನಾವು ನಾವೇ ವಾದ ಮಾಡುತ್ತಾ ಕೂತೆವು, ಯಾರೂ ಫೋನ್ ಮಾಡಲಿಲ್ಲ. ಕೊಪ್ಪದಿಂದ ರಾತ್ರಿ ಬಸ್ಸಲ್ಲಿ ಬಂದಿದ್ದ ಅಜ್ಜಿಯೊಬ್ಬರು ಬೆಳಗ್ಗೆ ಆರಕ್ಕೇ ಬಂದು ನಮ್ಮ ಆ ಖಾಲಿ ಬೆಂಚಿನ ಮೇಲೆ ಕೂತಿದ್ದರು. ಹತ್ತು ಗಂಟೆಗೆ ನಾನೇ ಹೋಗಿ ಹೇಳಿದೆ. ‘ಹಸು ಕರು ಹಾಕೋಕೆ ಹೋಗಿದೆಯೇನಪ್ಪಾ’ ಅಂದರು. ವಾಪಸ್ ಹೋಗುವ ಬಸ್ಸು ರಾತ್ರಿಗೇ ಇದ್ದದ್ದು.